ಪಾಂಡವರ ಮನೆಗೆ ಚಿತ್ರಾನ್ನ

ನಮ್ಮ ಮನೆಯವರಿಗೆ ಹಂಪಿ ಸುಲಭ. ಎರಡು ಸಲ ಹೋಗಿ ಬಂದಿದ್ದೇವೆ. ಬೇಲೂರು, ಹಳೇಬೀಡು, ಮಹಾಬಲಿಪುರ ಎಲ್ಲಾ ಆಗಿದೆ. ಕಷ್ಟವಾದದ್ದು ನಮ್ಮದೇ ಕೃಷ್ಣಗಿರಿ ಜಿಲ್ಲೆಯ ಮಲ್ಲಚಂದ್ರಂ. ಬೆಳಿಗ್ಗೆ ಹೊಸೂರು ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದ ಊರು ಅದು. ಅಲ್ಲಿಗೆ ಹೊರಡಲು ನಮಗೆ ಮೂರು ವಾರ ಬೇಕಾಯಿತು. ಅಷ್ಟೂ ಮಾತಿಗೇ ಹೋಯಿತು.

ಶುರು ಮಾಡಿದವಳು ಒಂಬತ್ತನೇ ಕ್ಲಾಸಿನ ಮಗಳು. ಜನವರಿ ಮೊದಲ ವಾರ, ಅವರೆಕಾಯಿ ಕಾಲ. ಅಮ್ಮ ಪಡಸಾಲೆಯಲ್ಲಿ ಕೂತು ರಾತ್ರಿ ನೆನೆಹಾಕಿದ ಕಾಳನ್ನು ಹಿತುಕುತ್ತಿದ್ದಳು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಇಟ್ಟು ಅದುಮಿದರೆ ಬೇಳೆ ಪುಳಕ್ಕನೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಮಗಳು ಓದುತ್ತಾ ಕೂತಿದ್ದವಳು ತಲೆಯೆತ್ತಿ, "ಅಪ್ಪಾ, ನಮ್ಮ ಜಿಲ್ಲೆಯ ಮಯಿಲಾಡುಂಪಾರೈನಲ್ಲಿ ಸಿಕ್ಕಿರೋ ಕಬ್ಬಿಣ ಕ್ರಿ.ಪೂ. 2172ರ ಕಾಲದ್ದಂತೆ. 2022ರಲ್ಲಿ ಸ್ಟಾಲಿನ್ ಅಸೆಂಬ್ಲಿಯಲ್ಲೇ ಹೇಳಿದ್ರಂತೆ" ಅಂದಳು.

ನನ್ನ ಎದೆ ಎರಡು ಇಂಚು ಉಬ್ಬಿತು. ನಾನು ಸಿಪ್ಕಾಟಿನಲ್ಲಿ ಲೇತಿನ ಮುಂದೆ 22 ವರ್ಷ ನಿಂತವನು. ಅಶೋಕ್ ಲೇಲ್ಯಾಂಡು, ಟಿವಿಎಸ್ಸು, ಟೈಟಾನು ಬಂದ ಮೇಲೆ ಹೊಸೂರು ಕಬ್ಬಿಣದ ಮುಖ ನೋಡಿತು ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ನಮ್ಮ ಸೀಮೆಯಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದೆಯೇ ಯಾರೋ ನೈಟ್ ಶಿಫ್ಟ್ ಮಾಡಿ ಹೋಗಿದ್ದಾರೆ.

"ನಡಿ, ನೋಡ್ಕೊಂಡು ಬರೋಣ" ಅಂದೆ.

"ಅಗೆದು ಮುಚ್ಚಿದ ಗುಂಡಿ ನೋಡೋಕೆ ಪೆಟ್ರೋಲ್ ಸುಡ್ಬೇಕೇನ್ರೀ?" ಅಂದಳು ಇವಳು ಅಡುಗೆಮನೆಯಿಂದ. ಇವಳ ಕಿವಿ ಕುಕ್ಕರ್ ಸೀಟಿಯ ನಡುವೆಯೂ ಪೆಟ್ರೋಲ್ ಅನ್ನುವ ಪದವನ್ನು ಹಿಡಿಯುತ್ತದೆ. ನಾನದನ್ನು ಉಚ್ಚರಿಸಿರಲೂ ಇಲ್ಲ.

ಆಗ ಮಗಳು ಮಲ್ಲಚಂದ್ರಂ ಎತ್ತಿದಳು. ಅಲ್ಲಾದರೆ ಕಲ್ಲುಗಳು ಕಣ್ಣೆದುರೇ ನಿಂತಿವೆ. ನಾಲ್ಕು ಕಡೆ ನಾಲ್ಕು ಚಪ್ಪಡಿ, ಮೇಲೊಂದು ಚಪ್ಪಡಿ, ಮುಂದಿನ ಕಲ್ಲಿನಲ್ಲಿ ಒಂದು ದುಂಡು ತೂತು. ಸುತ್ತ ತಲೆ ದುಂಡಗೆ ಕೊರೆದ ಕಲ್ಲುಗಳ ಬೇಲಿ. ಕೆಲವದರ ಒಳಗೆ ಬಿಳಿ ಬಣ್ಣದ ಚಿತ್ರವೂ ಉಂಟು. ಅವಳು ಫೋನಿನಲ್ಲಿ ತೋರಿಸಿದಳು. ಅಮ್ಮ ಕಾಳಿನ ಕೈಯಲ್ಲೇ ಕನ್ನಡಕ ಏರಿಸಿ ನೋಡಿ, "ಯಾರ ಮನೆಯೇ ಇದು? ಪುಟ್ಟದಾಗಿ ಚೆನ್ನಾಗಿದೆ" ಅಂದಳು.

"ಮನೆ ಅಲ್ಲ ಅಜ್ಜಿ. ಗೋರಿ."

ಅಮ್ಮನ ಬೆರಳಿನ ಬೇಳೆ ಪಾತ್ರೆ ಬಿಟ್ಟು ಟಿವಿ ಸ್ಟ್ಯಾಂಡಿನ ಕೆಳಗೆ ಹಾರಿತು.

"ಏನೋ? ಮನೆಮಂದಿಯೆಲ್ಲಾ ಮಿಂದು ಮಡಿ ಉಟ್ಟು, ಬುತ್ತಿ ಕಟ್ಕೊಂಡು, ಸ್ಮಶಾನ ನೋಡೋಕೆ ಹೋಗೋದಾ?"

ಅಲ್ಲಿಂದ ವ್ಯವಹಾರ ಪಂಚಾಂಗದ ಕೈಗೆ ಹೋಯಿತು. ಕಾಣುಂ ಪೊಂಗಲ್ ದಿನ ತಮಿಳುನಾಡಿನಲ್ಲಿ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊರಗೆ ಬೀಳುವವರೇ, ನಾವೂ ಹೊರಡೋಣ ಅಂದೆ. ಈ ಸಲ ಅದು ಶನಿವಾರ. ಇಲ್ಲಿ ನನ್ನ ಭಾವಮೈದುನ ಅಡ್ಡ ಬಂದ. ಬೆಂಗಳೂರಿನಲ್ಲಿದ್ದಾನೆ; ಕಾರು ಅವನದು, ಆದ್ದರಿಂದ ಅವನ ಮಾತಿಗೆ ನನ್ನ ಮಾತಿಗಿಂತ ಐದು ಸೀಟು ತೂಕ ಜಾಸ್ತಿ. "ಭಾವಾ, ಕೃಷ್ಣಗಿರಿ ತನಕ ಹೋಗಿ ಕೆಆರ್‌ಪಿ ಡ್ಯಾಮಿನ ಮೀನು ತಿನ್ನದೆ ಬರೋದಾ? ಶನಿವಾರ ಆದ್ರೆ ಅತ್ತೆ ಬಿಡಲ್ಲ, ಭಾನುವಾರ ಇಡಿ" ಅಂದ. ಭಾನುವಾರ ನೋಡಿದರೆ ಅಮಾವಾಸ್ಯೆ.

"ಅಮಾವಾಸ್ಯೆ ದಿನ ಗೋರಿ ಹತ್ರ ಮಗುನ ಕರ್ಕೊಂಡು ಹೋಗ್ತೀಯೇನಪ್ಪಾ?" ಅಂತ ಅಮ್ಮ ಫೋನಿನಲ್ಲಿ ಕೇಳಿದ ದನಿಗೆ ಅವನು ಮೀನನ್ನು ಒಂದು ವಾರ ಮುಂದೆ ಹಾಕಿದ. ಮುಂದಿನ ಭಾನುವಾರ ರಥಸಪ್ತಮಿ. ಹಬ್ಬದ ದಿನ ಮೀನಿನ ಹೆಸರೂ ಎತ್ತುವ ಹಾಗಿಲ್ಲ. ಆದರೆ ಅವತ್ತು ಅಮ್ಮ ಐದಕ್ಕೆ ಮುಂಚೆ ಎದ್ದು ಏಳು ಎಕ್ಕದ ಎಲೆ ಇಟ್ಟುಕೊಂಡು ಮೀಯುತ್ತಾಳೆ. ವರ್ಷದಲ್ಲಿ ನಮ್ಮ ಮನೆ ಹೊತ್ತಿಗೆ ಮುಂಚೆ ಎಚ್ಚರವಾಗಿರುವ ದಿನ ಅದೊಂದೇ. ಇವಳು ಕ್ಯಾಲೆಂಡರಿನಲ್ಲಿ 25ಕ್ಕೆ ಸುತ್ತು ಹಾಕಿಬಿಟ್ಟಳು. ಭಾವಮೈದುನ ಸೋತ.

ಪೂರ್ತಿ ಸೋಲಲಿಲ್ಲ ಅನ್ನಿ. "ಹಾಗಾದ್ರೆ ಕೃಷ್ಣಗಿರಿ ಕೋಟೆ ಹತ್ತೋಣ, ದಾರಿಯಲ್ಲಿ ರಾಯಕೋಟೆನೂ ಆಗಲಿ" ಅಂದ. ಬೆಂಗಳೂರಿನವರು ಹೀಗೆ. ಇಡೀ ವಾರ ಲಿಫ್ಟಿನಲ್ಲಿ ಓಡಾಡಿ ಭಾನುವಾರ ಬೆಟ್ಟ ಹುಡುಕುತ್ತಾರೆ. ಆ ರಾತ್ರಿ ನಾನು ಓದಿಕೊಂಡು ಸಿದ್ಧನಾದೆ. 1791ರಲ್ಲಿ ಟಿಪ್ಪುವಿನ ಮೇಲೆ ಬಂದ ಇಂಗ್ಲಿಷ್ ಪಡೆ ರಾಯಕೋಟೆಯನ್ನು ಹಿಡಿಯಿತು, ಸರಿ. ಕೃಷ್ಣಗಿರಿಗೆ ಬಂದ ಮ್ಯಾಕ್ಸ್‌ವೆಲ್ಲನ ದಂಡು ಮಾತ್ರ ಕೆಳಗಿನ ಕೋಟೆ ದಾಟಿ ಮೇಲಿನದನ್ನು ಹತ್ತಲಾಗದೆ ಪೆಟ್ಟು ತಿಂದು ಇಳಿಯಿತು. "ಏಣಿ, ಬಂದೂಕು, ಸಿಪಾಯಿಗಳು ಎಲ್ಲಾ ಇದ್ದ ಮ್ಯಾಕ್ಸ್‌ವೆಲ್ಲನ ಕೈಲಾಗದ್ದು ನನ್ನ ಮಂಡಿ ಕೈಲಾಗತ್ತೇನೋ?" ಅಂತ ಬೆಳಿಗ್ಗೆ ಕೇಳಿದೆ. ಕೋಟೆ ಬಿದ್ದುಹೋಯಿತು. ಇತಿಹಾಸ ಓದಿದ್ದಕ್ಕೆ ನನಗೆ ಈವರೆಗೆ ಸಿಕ್ಕ ಲಾಭ ಇಷ್ಟೇ.

ಉಳಿದದ್ದು ಮೈಲಿಗೆ. ಸ್ಮಶಾನಕ್ಕೆ ಹೋಗಿ ಬಂದವರು ಮೀಯದೆ ಉಣ್ಣುವುದು ಹೇಗೆ? "ಡ್ಯಾಮಿನಲ್ಲಿ ಒಂದು ಮುಳುಗು ಹಾಕೋಣ ಅತ್ತೆ" ಅಂದ ಭಾವಮೈದುನನ ದನಿಯಲ್ಲಿ ಭಕ್ತಿಗಿಂತ ಮಸಾಲೆಯ ವಾಸನೆಯೇ ಹೆಚ್ಚಿತ್ತು. ಆಗ ನಾನು ಕೊನೆಯ ಬಾಣ ಬಿಟ್ಟೆ.

"ಅಮ್ಮಾ, ಗೋರಿ ಅನ್ನೋದು ಓದಿದವರ ಮಾತು. ಇಂಥ ಕಲ್ಲಿಗೆ ನಮ್ಮ ಕಡೆ ಹಿಂದಿನಿಂದ ಪಾಂಡವರ ಮನೆ ಅಂತಾನೇ ತಾನೆ ಹೇಳೋದು?"

ಅಮ್ಮ ಯೋಚಿಸಿದಳು. ಪಾಂಡವರು 12 ವರ್ಷದ ವನವಾಸದಲ್ಲಿ ದಕ್ಷಿಣದ ಗುಡ್ಡಗುಡ್ಡದಲ್ಲೂ ಕಲ್ಲುಮನೆ ಎಬ್ಬಿಸಿದ್ದಾರೆ. 2019ರಲ್ಲಿ ಮಹಾನಗರ ಪಾಲಿಕೆಯಾದ ಮೇಲೆ ಹೊಸೂರಿನ ಯಾವ ಲೇಔಟಿನವನೂ ಅಷ್ಟು ಸೈಟು ಮಾಡಿಲ್ಲ. ಮಗಳು ಸುಮ್ಮನಿರದೆ, "ಗಂಗಾವತಿ ಹತ್ರ ಹಿರೇಬೆಣಕಲ್ಲಿನಲ್ಲೂ ಇಂಥವು ನಾನೂರರ ಮೇಲಿದೆಯಂತೆ ಅಜ್ಜಿ. ಅಲ್ಲಿಯೋರು ಮೊರೇರ ಮನೆ ಅಂತಾರೆ. ಗೇಣುದ್ದದ ಕುಳ್ಳರಿದ್ರಂತೆ" ಅಂದಳು.

"ಕುಳ್ಳರಾದ್ರೆ ಸರಿ. ಪಾಂಡವರಾದ್ರೆ ಭೀಮ ಈ ತೂತಿನಲ್ಲಿ ಹೆಂಗೇ ತೂರ್ತಿದ್ದ?" ಅಂದಳು ಅಮ್ಮ. ಪ್ರಶ್ನೆ ಕೇಳಿದಳು ಅಂದರೆ ಒಪ್ಪಿದಳು ಅಂತ ನಮ್ಮ ಮನೆಯ ಲೆಕ್ಕ.

ರಥಸಪ್ತಮಿಯ ಹಿಂದಿನ ರಾತ್ರಿ ಅಡುಗೆಮನೆ ಕಾರ್ಖಾನೆಯಾಯಿತು. ದೂರ ಒಯ್ಯುವ ಮೊಸರನ್ನಕ್ಕೆ ಮೊಸರು ಹಾಕಬಾರದು, ಗೊತ್ತೆ? ಅನ್ನವನ್ನು ಮೆತ್ತಗೆ ಮಾಡಿ, ಕಾಸಿ ಆರಿಸಿದ ಹಾಲು ಧಾರಾಳವಾಗಿ ಸುರಿದು, ಒಂದೇ ಚಮಚ ಮೊಸರಿನ ಹೆಪ್ಪು ಬಿಡಬೇಕು. ಡಬ್ಬಿಯಲ್ಲಿ ಕೂತು, ದಾರಿಯುದ್ದಕ್ಕೂ ಕುಲುಕಿ, ಮಧ್ಯಾಹ್ನ ಮುಚ್ಚಳ ತೆಗೆಯುವ ಹೊತ್ತಿಗೆ ಹದವಾಗಿ ಹುಳಿ ಬಂದಿರುತ್ತದೆ. ಚಿತ್ರಾನ್ನಕ್ಕೆ ನಿಂಬೆರಸ ಒಲೆಯ ಮೇಲಿರುವಾಗ ಹಿಂಡಿದರೆ ಕಹಿ. ಒಗ್ಗರಣೆ ಇಳಿಸಿದ ಮೇಲೇ ಹಿಂಡಬೇಕು. ಅತ್ತೆ ಸೊಸೆ ವರ್ಷಕ್ಕೊಮ್ಮೆ ಒಂದೇ ಅಭಿಪ್ರಾಯಕ್ಕೆ ಬರುವುದು ಈ ಎರಡು ವಿಷಯದಲ್ಲಿ.

ಬೆಳಿಗ್ಗೆ ಆರಕ್ಕೆ ಹೊರಡುವುದು ಅಂತ ತೀರ್ಮಾನ. ಎಂಟೂಮುಕ್ಕಾಲಿಗೆ ಹೊರಟೆವು. ಅತ್ತಿಬೆಲೆಯಲ್ಲಿ ಗಾಡಿಗಳ ಸಾಲು ಅಂತ ಭಾವಮೈದುನ. ನಿನ್ನ ಹೆಂಡತಿ ತಲೆ ಬಾಚೋದು ಅಂತ ಇವಳು. ಐದು ಸೀಟಿನ ಕಾರಿಗೆ ಏಳು ಜನ. ಹಿಂದೆ ಅಮ್ಮ, ಇವಳು, ಭಾವಮೈದುನನ ಹೆಂಡತಿ, ಅವರ ನಡುವೆ ಮಗಳು, ಮಗಳ ತೊಡೆ ಮೇಲೆ ಅವಳ ಪುಟ್ಟ ಮಾವನ ಮಗ, ಅವನ ತೊಡೆ ಮೇಲೆ ಚಿತ್ರಾನ್ನದ ಡಬ್ಬಿ. ನಾನು ಮುಂದೆ, ಕಾಲ ಕೆಳಗೆ ನೀರಿನ ಕ್ಯಾನು.

ದಾರಿ ಹೇಳುವ ಕೆಲಸ ಫೋನಿಗೆ. ಭಾವಮೈದುನ ತನಗೆ ತಿಳಿದ ಹಾಗೆ ಮಲ್ಲಸಂದ್ರ ಅಂತ ಹಾಕಿದ. ತಪ್ಪೇನಿಲ್ಲ, ತಮಿಳಿನವರ ನಾಲಗೆಯಲ್ಲಿ ಚಂದ್ರಂ ಆದರೂ ನಮ್ಮ ಕಿವಿಗೆ ಅದು ಸಂದ್ರವೇ, ಬೊಮ್ಮಸಂದ್ರ ಸಿಂಗಸಂದ್ರಗಳ ದಾಯಾದಿ. ಆದರೆ ಫೋನಿಗೆ ಗೊತ್ತಿದ್ದ ಮಲ್ಲಸಂದ್ರ ಬೆಂಗಳೂರಿನ ತುಮಕೂರು ರಸ್ತೆಯ ಕಡೆಯದು. ಊರು ದಾಟುವ ಮೊದಲೇ ಆ ಹೆಂಗಸು 'ಯೂ ಟರ್ನ್ ಮಾಡಿ, ಯೂ ಟರ್ನ್ ಮಾಡಿ' ಅಂತ ಅಂಗಲಾಚತೊಡಗಿದಳು. "ಪಾಪ, ಅವಳಿಗೂ ಸ್ಮಶಾನ ಬೇಡ" ಅಂದಳು ಅಮ್ಮ.

ಕೊನೆಗೂ ದಾರಿ ತೋರಿಸಿದವನು ದನ ಹೊಡೆದುಕೊಂಡು ಹೋಗುತ್ತಿದ್ದ ಹುಡುಗ. ಬೋಳು ಬಂಡೆ ಹತ್ತಿ ನಿಂತರೆ ಎದುರಿಗೆ ಕಲ್ಲುಮನೆಗಳು. ಕೆಲವು ಗಟ್ಟಿ ನಿಂತಿವೆ, ಕೆಲವು ಮಗ್ಗುಲಾಗಿವೆ. ನಾನು ನೇರ ತೂತಿನ ಹತ್ತಿರ ಹೋದೆ. ಅಂಗೈಯನ್ನು ಅಂಚಿನ ಸುತ್ತ ಆಡಿಸಿದೆ. ಲೇತಿಲ್ಲ, ಡ್ರಿಲ್ಲಿಲ್ಲ, ವರ್ನಿಯರ್ ಇಲ್ಲ. ಎಲ್ಲೋ ಒಂದು ಕಡೆ ಚೂರು ಉಬ್ಬಿದೆ ಅನ್ನಿಸಿತು. ಮತ್ತೆ ಆಡಿಸಿದರೆ ಅದು ಕಲ್ಲಿನ ಮೇಲಿನ ಒಣಗಿದ ಪಾಚಿ. ನಮ್ಮ ಇನ್‌ಸ್ಪೆಕ್ಷನ್ನಿನವನು ಇದ್ದಿದ್ದರೆ ಮಾತಿಲ್ಲದೆ ಪಾಸು ಮಾಡುತ್ತಿದ್ದ.

ಭಾವಮೈದುನ ಫೋಟೋ ಹೊಡೆದು ಏಳು ನಿಮಿಷಕ್ಕೆ ನೋಡಿ ಮುಗಿಸಿ, ಇಲ್ಲಿಂದ ಡ್ಯಾಮು ಎಷ್ಟು ದೂರ ಅಂತ ನೋಡುತ್ತಿದ್ದ. ಅಮ್ಮ ಮಾತ್ರ ಒಂದು ಮನೆಯ ಮುಂದೆ ಸೆರಗು ಸುತ್ತಿಕೊಂಡು ಕೂತು, ತೂತಿನಲ್ಲಿ ಇಣುಕಿದಳು. ಆಮೇಲೆ ಡಬ್ಬಿ ತರಿಸಿದಳು. ತುಂಡು ಬಾಳೆ ಎಲೆ ಹರಿದು, ಎರಡು ಸೌಟು ಚಿತ್ರಾನ್ನ ಹಾಕಿ, ಕಲ್ಲಿನ ಬುಡದಲ್ಲಿಟ್ಟಳು.

"ಏನಮ್ಮಾ ಇದು? ಗೋರಿ ಅಂತ ಊಟಾನೇ ತರೋದು ಬೇಡ ಅಂದಿದ್ದೆ?"

"ಮನೆ ಆದ್ರೆ ಬರಿಗೈಲಿ ಬರ್ತಾರೇನೋ? ಗೋರಿ ಆದ್ರೆ ಅವರಿಗೂ ಎಡೆ ಇಡೋರು ಯಾರಿದ್ದಾರೆ ಈಗ?"

ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಕಲ್ಲಿನ ಹಿಂದಿನ ನೆರಳಲ್ಲಿ ಮಲಗಿದ್ದ ಒಂದು ಹೋತ ಎದ್ದು ಬಂದು, ಯಾರ ಅಪ್ಪಣೆಯೂ ಕೇಳದೆ, ಚಿತ್ರಾನ್ನವನ್ನೂ ಬಾಳೆ ಎಲೆಯನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡಿತು.

"ಅಜ್ಜೀ, ಭೀಮ" ಅಂದಳು ಮಗಳು.

"ಭೀಮನಾದ್ರೆ ಎರಡು ಸೌಟು ಎಲ್ಲಿಗಾಗತ್ತೇ?" ಅಂತ ಅಮ್ಮ ಇನ್ನೊಂದು ಎಲೆ ಹರಿದಳು.