ಕಟ್ಟಿ ನೋಡು, ಕೊಂಡು ನೋಡು

"ಮಾವ, ಎಆರ್-15 ಕೋವಿ ರೆಡಿ ಇರೋದೇ ಕೊಳ್ಳಲೋ, ಬಿಡಿಭಾಗ ತರಿಸಿ ಜೋಡಿಸಲೋ?" ಟೆಕ್ಸಾಸಿನಿಂದ ಅಳಿಯನ ಫೋನು.

ತೀರ್ಥಹಳ್ಳಿಯ ಮಾವ ಎಲೆಯಡಿಕೆ ಉಗಿದು ಬಂದರು. "ಯಾವುದು ಅಗ್ಗ?"

"ಜೋಡಿಸಿದ್ರೆ ಅಗ್ಗ ಅಂತಾರೆ. ಆದ್ರೆ ಸ್ಪ್ಯಾನರು, ದುರ್ಬೀನು, ಇನ್ನೊಂಚೂರು ಒಳ್ಳೇ ಹಿಡಿ ಅಂತ..."

"ಗೊತ್ತಾಯ್ತು ಬಿಡು, ನಾನೂ ಮನೆ ಕಟ್ಟಿಸಿದೀನಿ. ಪೊಲೀಸ್ರು ಕೇಳಲ್ವೇನೋ?"

"ನಳಿಗೆ, ಹಿಡಿ, ಸ್ಪ್ರಿಂಗು ಎಲ್ಲ ಪಾರ್ಸೆಲ್‌ನಲ್ಲೇ ಮನೆಗೆ ಬರ್ತವೆ. ಕಾನೂನಿನ ಲೆಕ್ಕದಲ್ಲಿ ಕೋವಿ ಅಂದ್ರೆ ಲೋವರ್ ರಿಸೀವರ್ ಒಂದೇ, ಒಂದು ತುಂಡು ಅಲ್ಯೂಮಿನಿಯಂ. ಅದನ್ನ ಮಾತ್ರ ಲೈಸೆನ್ಸ್ ಇರೋ ಅಂಗಡೀಲಿ ಫಾರಂ 4473 ತುಂಬಿ ತರಬೇಕು."

"ಗುಂಡು ಹಾರೋ ನಳಿಗೆ ಕೋವಿಯಲ್ಲ! ಗಂಡನ್ನ ಬಿಟ್ಟು ಬಾಸಿಂಗಕ್ಕೆ ಧಾರೆ ಎರೆದ ಹಾಗಾಯ್ತು."

"ನಿಮ್ಮ ಕೋವಿ ಹೇಗಿದೆ ಮಾವ?"

"ಒಂಟಿ ನಳಿಗೆದಾ? ಚುನಾವಣೆ ಬಂತಲ್ಲ, ಠಾಣೇಲಿ ಠೇವಣಿ. ಈಗ ತೋಟದಲ್ಲಿ ಮಂಗಗಳಿಗೆ ರಶೀದಿ ತೋರಿಸ್ತಿದೀನಿ. ಅದಿರಲಿ, ನಿಂಗಲ್ಲಿ ಯಾವುದರ ಕಾಟ? ಮಂಗವಾ, ಹಂದಿಯಾ?"

"ಮೂರನೇ ಮಹಡಿ ಮಾವ. ಕಾಟ ಏನಿಲ್ಲ. ಪಕ್ಕದ ಮನೆಯವನ ಹತ್ರ ಎರಡಿವೆ."