ಸರ್ವಬ್ಯಾಟರಿ ಸಮಭಾವ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ತೋಟದ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಬಚ್ಚಲ ಒಲೆಯ ಮುಂದೆಯೂ ಇಲ್ಲದ ನೂಕುನುಗ್ಗಲು ಸ್ವಿಚ್ ಬೋರ್ಡಿನ ಮುಂದೆ. ಮರ ಬಿದ್ದು ಹೋದ ಕರೆಂಟು ಬಂದು ಮತ್ತೆ ಹೋಗುವುದರೊಳಗೆ ಮೊಬೈಲು, ಟಾರ್ಚು, ಔಷಧಿ ಹೊಡೆಯುವ ಪಂಪು, ಹಂದಿ ತಡೆಯುವ ಐಬೆಕ್ಸ್ ವಿದ್ಯುತ್ ಬೇಲಿಯ ಬ್ಯಾಟರಿ, ಇನ್ವರ್ಟರು ಎಲ್ಲಕ್ಕೂ ಹೊಟ್ಟೆ ತುಂಬಬೇಕು. ಭದ್ರಾ ಹಿನ್ನೀರಿನ ಮಗ್ಗುಲಲ್ಲೇ ಇರುವ ನರಸಿಂಹರಾಜಪುರದವರಿಗೂ ಇದೇ ಪಾಡು. ಅದೇ ನೀರಿನಿಂದ ಲಕ್ಕವಳ್ಳಿಯಲ್ಲಿ ವಿದ್ಯುತ್ ಹುಟ್ಟುತ್ತದೆಂಬುದು ಅವರಿಗೆ ಸಮಾಧಾನ. ಇನ್ನು ಈ ಸಾಮಾನುಗಳಲ್ಲಿ ಒಂದೊಂದಕ್ಕೆ ಒಂದೊಂದು ಚಾರ್ಜರು. ಒಂದರ ಪಿನ್ನು ಇನ್ನೊಂದಕ್ಕೆ ಹೋಗದು, ಹೋದರೆ ಇನ್ನೂ ಅಪಾಯ. ಎಲ್ಲಕ್ಕೂ ಸಲ್ಲುವ ಒಂದೇ ಡಬ್ಬಿ ಮಾಡಬಾರದೇ? ಮಾಡಬಹುದು ಎಂದೇ ನನ್ನ ವಾದ. ಆದರೆ ಆ ಡಬ್ಬಿ ಮೊದಲು ಕಲಿಯಬೇಕಾದ ವಿದ್ಯೆ, ಕರೆಂಟು ಕೊಡುವುದನ್ನು ನಿಲ್ಲಿಸುವುದು.

ಕೊಡುವುದಕ್ಕೇನು, ಯಾರು ಬೇಕಾದರೂ ಕೊಟ್ಟಾರು. ಶೃಂಗೇರಿಯ ಊಟದ ಪಂಕ್ತಿಯಲ್ಲಿ ಕುಳಿತವರಿಗೆ ಗೊತ್ತು, ಬಡಿಸುವವನ ಜಾಣತನವೆಲ್ಲ ‘ಸಾಕು’ ಎಂಬುದನ್ನು ಗುರುತಿಸುವುದರಲ್ಲಿದೆ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸ-ಆಮ್ಲದ ಬ್ಯಾಟರಿ ಹಳೇಕಾಲದ ನೆಂಟ: 12 ವೋಲ್ಟಿನದಾದರೆ 14.4ರವರೆಗೆ ಉಂಡು, ಆಮೇಲೂ 13.6ರ ಆಸುಪಾಸಿನಲ್ಲಿ ತೊಟ್ಟು ತೊಟ್ಟು ಮಜ್ಜಿಗೆ ಬೀಳುತ್ತಿದ್ದರೆ ಬೇಡವೆನ್ನದು. ನಿಕಲ್ ಸೆಲ್ಲು ಬಾಯಿಬಿಟ್ಟು ಹೇಳುವುದೇ ಇಲ್ಲ. ತುಂಬಿದ ಮೇಲೆ ಮೈ ಬಿಸಿಯಾಗುತ್ತದೆ, ಏರುತ್ತಿದ್ದ ವೋಲ್ಟೇಜು ಕೆಲವೇ ಮಿಲಿವೋಲ್ಟು ಜಾರುತ್ತದೆ. ಆ ಸೂಕ್ಷ್ಮ ತಿಳಿಯಬೇಕು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಮಾತ್ರ ಕಟ್ಟುನಿಟ್ಟು: ಸೆಲ್ಲಿಗೆ 4.2 ವೋಲ್ಟಿನ ಗಡಿ ಮುಟ್ಟಿ ಕರೆಂಟು ಇಳಿಯಿತೋ, ಎಲೆ ಮಡಚಿತು. ‘ಇನ್ನೊಂದು ಸೌಟು’ ಎಂಬ ಮಲೆನಾಡಿನ ಉಪಚಾರ ಅಲ್ಲಿ ಬೆಂಕಿಗೆ ಕಾರಣವಾದೀತು.

ಮೊಬೈಲಿಗೆಲ್ಲ ಟೈಪ್-ಸಿ ಬರಲಿಲ್ಲವೇ, ಯುರೋಪಿನವರು 2024ರ ಡಿಸೆಂಬರ್ 28ರಿಂದ ಕಡ್ಡಾಯವನ್ನೇ ಮಾಡಿದರಲ್ಲ ಎನ್ನಬಹುದು. ಅಲ್ಲಿ ಒಂದಾದದ್ದು ತೂತು. ಗೋಡೆಗೆ ಚುಚ್ಚುವ ಅಡಾಪ್ಟರು ಬರೀ ಕರೆಂಟು ಒದಗಿಸುತ್ತದೆ. ಸಾಕೋ ಬೇಕೋ ಎಂದು ತೀರ್ಮಾನಿಸುವ ಅಸಲಿ ಚಾರ್ಜರು ಫೋನಿನೊಳಗೇ ಇದೆ. ಬೇಲಿಯ ಬ್ಯಾಟರಿಯೊಳಗೆ ಅಂಥದ್ದೇನೂ ಇಲ್ಲ. ಹಾಗಾದರೆ ಡಬ್ಬಿಗೊಂದು ಚಿಪ್ಪು ಕೂರಿಸೋಣ, ಬ್ಯಾಟರಿಯ ಕುಲಗೋತ್ರ ಅದೇ ಪತ್ತೆಮಾಡಲಿ ಎಂಬುದು ಎಂಜಿನಿಯರಿಂಗ್ ಓದುವ ಹುಡುಗರ ಸಲಹೆ. ಮೀಟರ್ ಹಿಡಿದಾಗ 12.6 ವೋಲ್ಟ್ ತೋರಿಸಿತು ಎಂದಿಟ್ಟುಕೊಳ್ಳಿ. ಅದು ಹೆಚ್ಚುಕಮ್ಮಿ ತುಂಬಿದ ಸೀಸದ್ದಿರಬಹುದು, ಪೂರ್ತಿ ತುಂಬಿದ ಮೂರು ಸೆಲ್ಲಿನ ಲಿಥಿಯಂ ಇರಬಹುದು, ಹತ್ತು ನಿಕಲ್ ಸೆಲ್ಲುಗಳ ಸಾಲೂ ಇರಬಹುದು. ಸೀಸದ್ದೆಂದು ನಂಬಿ 14.4 ಕೊಟ್ಟರೆ ಲಿಥಿಯಮ್ಮಿನ ಸೆಲ್ಲೊಂದಕ್ಕೆ 4.8 ಬಿತ್ತು, ಒಳಗಿನ ರಕ್ಷಣೆಯ ಸರ್ಕ್ಯೂಟ್ ತಡೆಯದಿದ್ದರೆ ದೇವರೇ ಗತಿ. ಗಾತ್ರದ ತಕರಾರು ಬೇರೆ. ಪಂಪಿನದು 8 ಆಂಪಿಯರ್-ಅವರ್, ಇನ್ವರ್ಟರಿನದು 150. ಪಂಪಿನ 1.7 ಆಂಪಿಯರ್ ಚಾರ್ಜರಿನಿಂದ ಇನ್ವರ್ಟರ್ ಬ್ಯಾಟರಿ ತುಂಬಲು ನಾಲ್ಕು ದಿನವಾದರೂ ಬೇಕು. ನಾಲ್ಕು ದಿನ ಸತತ ಕರೆಂಟು ಇರುವುದಾದರೆ ಇನ್ವರ್ಟರ್ ಯಾಕೆ ಬೇಕಿತ್ತು?

ಅಂದಮೇಲೆ ಯಾವ ಬ್ಯಾಟರಿ, ಎಷ್ಟು ದೊಡ್ಡದು ಎಂದು ಡಬ್ಬಿಗೆ ಯಾರಾದರೂ ಹೇಳಲೇಬೇಕು. ಗುಂಡಿ ಒತ್ತಿ ಆರಿಸುವ ಚಾರ್ಜರುಗಳು ಆಟಿಕೆ ವಿಮಾನ ಹಾರಿಸುವವರ ಬಳಿ ಈಗಲೂ ಇವೆ. ಕತ್ತಲಲ್ಲಿ, ಕನ್ನಡಕ ಸಿಗದ ಹೊತ್ತಿನಲ್ಲಿ, ತಪ್ಪು ಗುಂಡಿ ಒತ್ತಿದರೆ? ನ್ಯಾಯವಾದ ಆಕ್ಷೇಪ. ಅದಕ್ಕೇ ಪ್ರತಿ ಬ್ಯಾಟರಿಯ ವಯರಿಗೂ ಮೂರನೆಯದೊಂದು ಪಿನ್ನು ಇರಲಿ, ಅದರಲ್ಲೊಂದು ರೆಸಿಸ್ಟರು. ಸೀಸಕ್ಕೊಂದು ಬೆಲೆಯದು, ಲಿಥಿಯಮ್ಮಿಗೆ ಇನ್ನೊಂದು, ದೊಡ್ಡದಕ್ಕೆ ಮತ್ತೊಂದು. ಡಬ್ಬಿ ಅದನ್ನು ಓದಿಯೇ ಬಡಿಸಲಿ. ಮೂರನೇ ಪಿನ್ನಿಲ್ಲದವರಿಗೆ ಊಟವಿಲ್ಲ. ರೆಸಿಸ್ಟರಿಗೇನು ದೊಡ್ಡ ಖರ್ಚಿಲ್ಲ. ಬೆಸುಗೆ ಹಾಕಿಕೊಡಲು ಕೊಪ್ಪದ ಪೇಟೆಯ ಮೊಬೈಲ್ ರಿಪೇರಿಯವರೇ ಸಾಕು, ಅವರ ಅಂಗಡಿಯಲ್ಲಿ ಕರೆಂಟು ಇದ್ದರೆ.