ದಿಢೀರ್ ಬಡವ

ಹೆಣ್ಣು ನೋಡಲು ಹೋದ ದಿನ ಇವರ ಸಂಬಳ ವರ್ಷಕ್ಕೆ ಮೂವತ್ತು ಲಕ್ಷ. ಜೊತೆಗೆ ಕಂಪನಿ ಕೊಟ್ಟ ಷೇರು, ಹೆಸರಘಟ್ಟದ ಕಡೆ ಒಂದು ಸೈಟು, ಊರಲ್ಲಿ ಅಡಿಕೆ ತೋಟ. ಜೀವನಾಂಶದ ಅರ್ಜಿಯ ನೋಟಿಸ್ ಕೈಸೇರಿದ ವಾರದಲ್ಲೇ ಸಂಬಳವೆಲ್ಲ ಕಂತಿಗೆ ಹೋಗಿ ಬಸ್ ಪಾಸಿಗೆ ಆಗುವಷ್ಟು ಮಾತ್ರ ಉಳಿಯಿತು. ಸೈಟು ಅಮ್ಮನದಾಯಿತು. ತೋಟ ಅಪ್ಪನದು, ಅದಕ್ಕೂ ಕೊಳೆರೋಗ.

ಬೆಂಗಳೂರಿನ ಸಿದ್ದಯ್ಯ ರಸ್ತೆಯ ಕೌಟುಂಬಿಕ ನ್ಯಾಯಾಲಯದ ಮೊಗಸಾಲೆಯಲ್ಲಿ ಇಂಥವರು ಆಸ್ತಿ-ಸಾಲದ ಪ್ರಮಾಣಪತ್ರದ ನಮೂನೆಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲಿನಲ್ಲಿ ಬರೆಯುತ್ತಾರೆ, ಅಳಿಸುತ್ತಾರೆ. 2013ರಲ್ಲಿ ಶುರುವಾದ ಒಂದು ಮಧ್ಯಂತರ ಜೀವನಾಂಶದ ಜಗಳ ಏಳು ವರ್ಷ ಎಳೆದಾಡಿದ್ದನ್ನು ಕಂಡ ಸುಪ್ರೀಂ ಕೋರ್ಟ್, 2020ರ ನವೆಂಬರ್ 4ರಂದು ರಜನೇಶ್-ನೇಹಾ ಪ್ರಕರಣದಲ್ಲಿ ಈ ಪ್ರಮಾಣಪತ್ರವನ್ನು ಇಬ್ಬರಿಗೂ ಕಡ್ಡಾಯ ಮಾಡಿತು. ಹೆಂಡತಿ ಅಗತ್ಯವನ್ನು ಹಿಗ್ಗಿಸುವುದೂ ಗಂಡ ಆದಾಯವನ್ನು ಬಚ್ಚಿಡುವುದೂ ವಾಡಿಕೆ ಎಂದು ತೀರ್ಪೇ ಹೇಳಿದೆ. ಆಚೆ ಬೆಂಚಿನಲ್ಲಿ ಬ್ಯೂಟಿ ಪಾರ್ಲರ್ ಬಿಲ್ಲನ್ನು ವೈದ್ಯಕೀಯ ವೆಚ್ಚಕ್ಕೆ ಸೇರಿಸುತ್ತಿರುವವರ ಚಿತ್ರ ಇನ್ನೊಮ್ಮೆ ಬರೆಯೋಣ.

ಮದುವೆಯಾದ ಮೇಲೆ ಯಾವ ಆಸ್ತಿಯನ್ನು ಪರಭಾರೆ ಮಾಡಿದ್ದೀರಿ, ಏಕೆ ಎಂದೂ ನಮೂನೆ ಕೇಳುತ್ತದೆ. ನಮ್ಮವರು ಅಲ್ಲಿ 'ಮಾತೃಭಕ್ತಿ' ಎಂದು ಬರೆದರು.

"ಭಕ್ತಿ ಯಾವಾಗ ಬಂತು ಸಾರ್?" ಎಂದರು ವಕೀಲರು.

ಅಮ್ಮನಿಗೆ ಸೈಟಿನ ದಾನಪತ್ರ ನೋಂದಣಿಯಾದದ್ದು ನೋಟಿಸ್ ಬಂದ ವಾರದಲ್ಲೇ. ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿದರೆ ದಿನಾಂಕ ಎದುರು ಪಕ್ಷದವರಿಗೂ ಕಾಣುತ್ತದೆ. ಬಡ್ಡಿ, ಡಿವಿಡೆಂಡ್, ಷೇರು ಮಾರಿದ ಹಣ ಎಲ್ಲ 2021ರಿಂದ ಆದಾಯ ತೆರಿಗೆ ಇಲಾಖೆಯ ಎಐಎಸ್ (ವಾರ್ಷಿಕ ಮಾಹಿತಿ) ಪಟ್ಟಿಯಲ್ಲಿ ಸಾಲಾಗಿ ಕೂತಿರುತ್ತವೆ. ಅದನ್ನು ತೆರೆದು ನೋಡಿದಾಗಲೇ ಇವರಿಗೆ ತಮ್ಮ ಶ್ರೀಮಂತಿಕೆಯ ಪೂರ್ಣ ಪರಿಚಯವಾದದ್ದು. ಕೆಲಸ ಬಿಟ್ಟುಬಿಟ್ಟರೆ ಹೇಗೆ ಎಂದೂ ಕೇಳಿದರು. ಗಟ್ಟಿಮುಟ್ಟಾದ ಗಂಡ ಆದಾಯವಿಲ್ಲ ಎಂದ ಮಾತ್ರಕ್ಕೆ ಹೊಣೆ ತಪ್ಪದು ಎಂಬುದೂ ಅದೇ ತೀರ್ಪಿನಲ್ಲಿದೆ.

ಎದುರು ಪಕ್ಷದವರ ಆದಾಯದ ಬಗ್ಗೆ ನಿಮಗೆ ಗೊತ್ತಿರುವುದನ್ನು ಬರೆಯಿರಿ ಎಂಬ ಭಾಗ ಬಂದಾಗ ಮಾತ್ರ ಪೆನ್ಸಿಲ್ ಹೋಗಿ ಪೆನ್ನು ಬಂತು. ತಮ್ಮ ಪಿಎಫ್ ಎಷ್ಟಿದೆಯೆಂದು ನೆನಪಿರದ ಮಹನೀಯರಿಗೆ ಹೆಂಡತಿಯ ಅವಲಕ್ಕಿ ಸರ ಎಷ್ಟು ಗ್ರಾಂ, ಸಂಜೆ ಟ್ಯೂಷನ್ನಿಗೆ ಎಷ್ಟು ಮಕ್ಕಳು ಬರುತ್ತಾರೆ, ಅತ್ತೆ ದೀಪಾವಳಿಗೆ ಕೊಟ್ಟ ಕವರಿನಲ್ಲಿ ಎಷ್ಟಿತ್ತು, ಎಲ್ಲ ಬಾಯಿಪಾಠ. ಜಾಗ ಸಾಲದೆ ಹೆಚ್ಚುವರಿ ಹಾಳೆ ಕೇಳಿದರು.

ಉತ್ತರ ಸಲ್ಲಿಸಲು ಗರಿಷ್ಠ ನಾಲ್ಕು ವಾರ. ಎರಡಕ್ಕಿಂತ ಹೆಚ್ಚು ಬಾರಿ ಮುಂದೂಡಿಸಿಕೊಂಡರೆ ಪ್ರತಿವಾದವನ್ನೇ ತೆಗೆದುಹಾಕುವ ಅಧಿಕಾರ ಕೋರ್ಟಿಗಿದೆ. ಮೊದಲ ವಾಯಿದೆಯಲ್ಲಿ ನಮ್ಮವರು ಕೈಮುಗಿದು, ಆಡಿಟರು ಬಿಡುವಾಗಿಲ್ಲ, ಇನ್ನೆರಡು ವಾರ ಬೇಕು ಎಂದರು. ಬಸ್ ಪಾಸಿನ ಬಡವರಿಗೆ ಆಡಿಟರು ಯಾಕೆ ಬೇಕು ಎಂದು ಎದುರು ವಕೀಲೆ ಎದ್ದು ನಿಂತರು. ನ್ಯಾಯಾಧೀಶರು ಒಂದೇ ವಾರ ಕೊಟ್ಟರು.